ಗುರುವಾರದ ಕರೆಂಟ್ ಮತ್ತು ನನ್ನ ಹೊಟ್ಟೆಕಿಚ್ಚು

ಹೋದ ತಿಂಗಳು ಒಂದು ಗುರುವಾರ, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ಅಷ್ಟೂ ಮನೆಗಳ ಮಗ್ಗ ಒಟ್ಟಿಗೆ ನಿಂತವು. ದೊಡ್ಡಬಳ್ಳಾಪುರದಲ್ಲಿ ಕರೆಂಟ್ ಹೋದರೆ ಕೆಲಸವೇ ಹೋದ ಹಾಗೆ. ಆದರೂ ನನಗೆ ಖುಷಿಯಾಯಿತು.

ಯಾಕೆ ಅಂತೀರಾ? ನಂಜುಂಡನ ಫೋನು ಸುಳ್ಳಾಗಿತ್ತು.

ನಂಜುಂಡ ನನ್ನ ಓರಗೆಯವನು. ಇಬ್ಬರೂ ನೇಯ್ಗೆ ಬಿಟ್ಟು ವರ್ಷಗಳಾದವು. ನಾನು ಹತ್ತನೇ ಕ್ಲಾಸು ಪಾಸು. ಅವನಿಗೆ ಓದು ಹತ್ತಲಿಲ್ಲ. ಹಾಗಾಗಿ ಬೀದಿ ತುದಿಯ ಟೀ ಅಂಗಡಿಯಲ್ಲಿ ಪೇಪರ್ ಓದಿ ಹೇಳುವ ಕೆಲಸ ನನ್ನದು. (ಯಾರೂ ಕೊಟ್ಟದ್ದಲ್ಲ, ನಾನೇ ತೆಗೆದುಕೊಂಡದ್ದು.) ಎಲ್ಲಕ್ಕಿಂತ ಮೊದಲು ಓದುತ್ತಿದ್ದುದು ಒಳಪುಟದ ಮೂಲೆಯ ‘ವಿದ್ಯುತ್ ವ್ಯತ್ಯಯ’. ಯಾವ ದಿನ, ಯಾವ ಬೀದಿ, ಎಷ್ಟು ಹೊತ್ತು. ಅದನ್ನು ಕೇಳಿಯೇ ಜನ ಮಗ್ಗದ ಕೆಲಸ ಹೊಂದಿಸಿಕೊಳ್ಳುತ್ತಿದ್ದರು. ನಾನು ಕನ್ನಡಕ ತೆಗೆದಿಡುವ ತನಕ ಬೆಂಚಿನಿಂದ ಒಬ್ಬನೂ ಏಳುತ್ತಿರಲಿಲ್ಲ.

ಆಮೇಲೆ ನಂಜುಂಡನ ಅಳಿಯ ಅವನಿಗೊಂದು ಸ್ಮಾರ್ಟ್‌ಫೋನ್ ಕೊಡಿಸಿದ. ಇನ್ನು ಓದು ಯಾರಿಗೆ ಬೇಕು? ವಿಡಿಯೊ, ವಾಯ್ಸ್ ಮೆಸೇಜ್, ಹತ್ತಾರು ಗ್ರೂಪು. ನಾನು ಪೇಪರ್ ಬಿಚ್ಚಿದರೆ ಸಾಕು, “ಅದು ನೆನ್ನೇನೇ ಬಂತು ಬಿಡ್ಲಾ, ಮುಂದಿನ್ದು ಓದು” ಅನ್ನತೊಡಗಿದ. ಇಡೀ ಬೆಂಚು ಅವನ ಕಡೆ ವಾಲಿತು. ಟೀ ಅಂಗಡಿಯವನು ಮೊದಲ ಲೋಟವನ್ನು ಅವನ ಕೈಗೇ ಕೊಡತೊಡಗಿದ. ಒಂದು ಲೋಟ ಟೀಗೆ ಹೊಟ್ಟೆ ಉರಿಯುತ್ತದಾ? ಉರಿಯುತ್ತದೆ ಸ್ವಾಮಿ, ಚೆನ್ನಾಗಿಯೇ ಉರಿಯುತ್ತದೆ.

ನಾನು ಬರೆಯುವ ಈ ಅಂಕಣದಲ್ಲಿ ಫೋನನ್ನು ಎಷ್ಟು ಸಲ ಬೈದಿದ್ದೇನೆ, ಓದುವ ನಿಮಗೇ ಗೊತ್ತು. ಪೇಪರಿನ ಮೇಲಿನ ಪ್ರೀತಿ ಅಂತ ನೀವು ನಂಬಿದಿರಿ. ನಾನೂ ನಂಬಿದ್ದೆ.

ಆ ಗುರುವಾರದ ಹಿಂದಿನ ದಿನ ಎದುರುಮನೆಯ ಸರೋಜಮ್ಮ ಮಿಠಾಯಿಗೆ ಬೆಲ್ಲ ಕೊಳ್ಳಲು ಅಂಗಡಿಗೆ ಬಂದಳು. ಶುಕ್ರವಾರ ಹೊಸಕೋಟೆಯಲ್ಲಿ ಅವಳ ಮಗಳ ಸೀಮಂತ. ಇಷ್ಟು ವರ್ಷ ಊರಿನವರಿಗೆಲ್ಲ ಸೀರೆ ನೇಯ್ದವಳು, ಮೊದಲ ಸಲ ಮಗಳಿಗೆಂದು ಹಸಿರು ರೇಷ್ಮೆ ಸೀರೆ ಮಗ್ಗಕ್ಕೆ ಏರಿಸಿದ್ದಳು. ಅರ್ಧ ಆಗಿತ್ತು. ಬುಧವಾರ ಚಕ್ಕುಲಿ, ಕೊಬ್ಬರಿ ಮಿಠಾಯಿ ಮಾಡಿ, ಗುರುವಾರ ಸೀರೆ ಮುಗಿಸಿ, ಸಂಜೆಯ ಬಸ್ಸು ಹಿಡಿಯುವುದು ಅವಳ ಲೆಕ್ಕ.

“ನಂಜುಂಡಣ್ಣನ ಫೋನಲ್ಲಿ ಶನಿವಾರ ಕರೆಂಟ್ ಇಲ್ಲ ಅಂತ ಬಂದೈತಂತೆ. ಪೇಪರಲ್ಲಿ ಏನೈತಣ್ಣ?” ಎಂದು ಕೇಳಿದಳು.

ಪೇಪರು ನನ್ನ ತೊಡೆಯ ಮೇಲೇ ಇತ್ತು. ನಾಳೆ, ಗುರುವಾರ, ಹತ್ತರಿಂದ ಐದು. ನಮ್ಮ ಬೀದಿಯ ಹೆಸರೂ ಇತ್ತು. ಆಗಲೇ ಮನಸ್ಸಿನಲ್ಲೇ ಓದಿಕೊಂಡಿದ್ದೆ.

“ಫೋನಲ್ಲೇ ಬಂದ್ಮೇಲೆ ಪೇಪರ್ ಯಾಕಮ್ಮ?” ಅಂದೆ. ಅಂದು ಪುಟ ತಿರುವಿದೆ.

ಬೆಂಚಿನವರು ನಕ್ಕರು. ಸರೋಜಮ್ಮನೂ ನಕ್ಕು ಬೆಲ್ಲ ತೆಗೆದುಕೊಂಡು ಹೋದಳು. ಹೇಳಿದ್ದರೆ ಅವತ್ತೇ ಸೀರೆ ಮುಗಿಸಿ, ಚಕ್ಕುಲಿಯನ್ನು ಗುರುವಾರಕ್ಕೆ ಇಟ್ಟುಕೊಳ್ಳುತ್ತಿದ್ದಳು. ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಸರೋಜಮ್ಮ ಅಲ್ಲ, ಹತ್ತು ಗಂಟೆಗೆ ನಂಜುಂಡನ ಮುಖ ಹೇಗಿರುತ್ತದೆ ಅನ್ನುವುದು.

ಪೆಚ್ಚಾದ ಆ ಮುಖ ನೋಡಲು ಚೆನ್ನಾಗಿಯೇ ಇತ್ತು. ಯಾರೋ ಯಾವಾಗಲೋ ಕಳಿಸಿದ ಹಳೆಯ ವಾಯ್ಸ್ ಮೆಸೇಜನ್ನು ಅವನು ನಂಬಿದ್ದ. ಬೆಂಚಿನವರು ಸಂಜೆಯ ತನಕ ಅವನನ್ನು ಆಡಿಕೊಂಡರು. ನಾನು ಎರಡು ಟೀ ಹೆಚ್ಚಿಗೆ ಕುಡಿದೆ.

ಕರೆಂಟ್ ಬಂದಾಗ ಐದೂವರೆ. ಅಷ್ಟರಲ್ಲಿ ಸರೋಜಮ್ಮ ತಿಂಡಿಯ ಡಬ್ಬಗಳನ್ನು ಹೊತ್ತು ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದಳು. ಕೈಯಲ್ಲಿ ಪೇಟೆಯ ಬಟ್ಟೆ ಅಂಗಡಿಯೊಂದರ ಕವರು. ನನ್ನ ಎದುರಿಗೇ ಹೋದಳು. ನಾನು ಪೇಪರು ಎತ್ತಿ ಮುಖಕ್ಕೆ ಹಿಡಿದೆ.

ಅವಳು ವಾಪಸ್ ಬಂದ ದಿನವೇ ನಂಜುಂಡ ಅವಳ ಮನೆಗೆ ಹೋಗಿ ತಪ್ಪಾಯಿತು ಅಂದನಂತೆ. ನನಗೆ ಆ ಬಾಗಿಲು ದಾಟಲು ಹತ್ತು ದಿನ ಬೇಕಾಯಿತು. ಆ ಹಸಿರು ಸೀರೆ ಇನ್ನೂ ಮಗ್ಗದ ಮೇಲೇ ಇತ್ತು. ಎಲ್ಲವನ್ನೂ ಹೇಳಿದೆ. ಓದಿದ್ದನ್ನು, ಮುಚ್ಚಿಟ್ಟಿದ್ದನ್ನು, ಖುಷಿಪಟ್ಟಿದ್ದನ್ನು.

ಸರೋಜಮ್ಮ ಬೈಯಲಿಲ್ಲ. ಕೂತಲ್ಲೇ ಸೀರೆಯ ಅಂಚು ಸವರಿದಳು.

“ನಂಜುಂಡಣ್ಣಂಗೆ ಗೊತ್ತಿರ್ಲಿಲ್ಲ” ಅಂದಳು. ಎದ್ದು ಮಗ್ಗ ಚಾಲೂ ಮಾಡಿದಳು. ಆ ಸದ್ದಿನಲ್ಲಿ ಮುಂದೆ ಮಾತಿಗೆ ಜಾಗವಿರಲಿಲ್ಲ.

ಫೋನಿನಲ್ಲಿ ಸುಳ್ಳು ಸುದ್ದಿ ಹಂಚಿದರೆ ಹಿಡಿಯುತ್ತಾರಂತೆ, ಪೇಪರಿನಲ್ಲೇ ಓದಿದ್ದೇನೆ. ನಿಜವಾದ ಸುದ್ದಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡವನನ್ನು ಯಾರು ಹಿಡಿಯಬೇಕು?