ನಲ್ಲಿ ತೊಟ್ಟಿಕ್ಕಲಿ ಅಂದದ್ದು

ಫ್ರೋಜನ್ ಅವರೆಕಾಳಿನ ಎರಡು ಪ್ಯಾಕೆಟ್ ನೆನೆಹಾಕಿ, ಕೌಂಟರ್ ಮುಂದೆ ನಿಂತು ಹಿಸುಕ್ತಾ ಇದ್ದೆ. ಫೋನು ಬಂತು. ಕೈಯೆಲ್ಲ ಲೋಳೆ. ಮೊಣಕೈಯಲ್ಲಿ ಒತ್ತಿ ಸ್ಪೀಕರ್ ಹಾಕಿದೆ.

"ಅಮ್ಮಾ, ಹೊಸ ಮನೆ ಡ್ರೈನ್ ಫ್ರೀಜ್ ಆಗೋಯ್ತು. ನಾನೇ ಮಾಡಿದ್ದು," ಅಂದಳು ಮಗಳು.

ನನ್ನ ಮಗಳು ಬಡಗಿ. ಆಸ್ಟಿನ್‌ನಲ್ಲಿ ಇಂಜಿನಿಯರಿಂಗ್ ಅರ್ಧಕ್ಕೇ ಬಿಟ್ಟು ಮರಗೆಲಸ ಕಲಿತಳು. ನಾವಿರುವ ಟೆಕ್ಸಸ್‌ನ ಲಿಯಾಂಡರ್ ಊರಿನ ಬಳಗದಲ್ಲಿ ಯಾರಾದರೂ ಕೇಳಿದರೆ ಮೊದಮೊದಲು ನಾನು "ಕನ್‌ಸ್ಟ್ರಕ್ಷನ್ ಲೈನ್‌ನಲ್ಲಿದಾಳೆ" ಅಂತ ತೇಲಿಸಿ ಹೇಳ್ತಿದ್ದೆ. ಈಗ ಬಡಗಿ ಅಂತಲೇ ಹೇಳ್ತೀನಿ. ದೇವರು ಅವಳ ಕೈಗೆ ಒಂದು ವಿದ್ಯೆ ಕೊಟ್ಟಿದಾನೆ, ಮುಚ್ಚಿಡೋದು ಯಾಕೆ?

ಆ ಚಳಿಗಾಲ ಅವಳು ಕೆನಡಾದ ಉತ್ತರದ ಒಂದು ಮೂಲನಿವಾಸಿಗಳ ಊರಲ್ಲಿ ಮರಗೆಲಸದ ಟೀಚರ್ ಆಗಿದ್ದಳು. ಆ ಊರಿಗೆ ರಸ್ತೆ ಇಲ್ಲ, ಪುಟ್ಟ ವಿಮಾನವೇ ಗತಿ. ಹಿಂದೆ ಹೊರಗಿನವರು ಬಂದು, ಬೆಚ್ಚಗಿನ ಊರಿನ ನಕ್ಷೆ ಇಟ್ಟುಕೊಂಡು ಮನೆ ಕಟ್ಟಿಕೊಟ್ಟು ಹೋಗಿದ್ದರಂತೆ. ಗೋಡೆಗೋಡೆಗೂ ಬೂಷ್ಟು. ಒಂದು ಕಿಟಕಿ ಕೆಟ್ಟರೂ ರಿಪೇರಿಗೆ ದೂರದಿಂದ ಯಾರೋ ಹಾರಿ ಬರುವ ತನಕ ಕಾಯಬೇಕು. ಕಾದು ಕಾದು ಸಾಕಾಗಿ ಊರಿನ ಮಂಡಳಿಯವರೇ ಮನೆ ಕಟ್ಟಿಸುವ ಒಂದು ಕಚೇರಿ ತೆಗೆದು, ಮರಗೆಲಸ, ಪ್ಲಂಬಿಂಗ್, ವೈರಿಂಗ್ ಎಲ್ಲವನ್ನೂ ತಮ್ಮವರಿಗೇ ಕಲಿಸಲು ಶುರು ಮಾಡಿದ್ದರು.

ಕಲಿಯುವವರೇ ಪೂರ್ತಿ ಕಟ್ಟಿದ ಮೊದಲನೇ ಮನೆ ಅದು. ಒಬ್ಬ ಅಜ್ಜಿಗಾಗಿ ಕಟ್ಟಿದ್ದು. ಹಳೇ ಮನೆಯ ಬೂಷ್ಟಿನಿಂದ ಎದೆ ಕೆಟ್ಟು, ಆಕೆ ವರ್ಷದಿಂದ ನಗರದ ಆಸ್ಪತ್ರೆ ಪಕ್ಕದ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಅವರ ಭಾಷೆ ಮಾತಾಡುವವರು ಅಲ್ಲಿ ಒಬ್ಬರೂ ಇಲ್ಲವಂತೆ. ಮನೆಗೆ ಪೈಪು ಹಾಕಿದವಳು ಆ ಅಜ್ಜಿಯ ಮೊಮ್ಮಗಳೇ, ಎರಡು ಮಕ್ಕಳ ತಾಯಿ. ನಾಡಿದ್ದು ವಿಮಾನದಲ್ಲಿ ಮನೆ ತಪಾಸಣೆಗೆ ಇನ್‌ಸ್ಪೆಕ್ಟರ್ ಬರುತ್ತಾನೆ, ಸಹಿ ಹಾಕಿದರೆ ಮುಂದಿನ ವಾರ ಅಜ್ಜಿ ಊರಿಗೆ. ಹಾಕದಿದ್ದರೆ ಆತ ಮತ್ತೆ ಬರುವುದು ಹಿಮ ಕರಗಿದ ಮೇಲೆ.

ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಭಾನುವಾರ ಫೋನಿನಲ್ಲಿ ನಾನೇ ಹೇಳಿದ್ದೆ, "ಅಷ್ಟೊಂದು ಚಳಿ ಅಂತೀಯ, ಹೊಸ ಮನೆ ನಲ್ಲಿ ಎಲ್ಲ ಸಣ್ಣಗೆ ತೊಟ್ಟಿಕ್ಕೋ ಹಾಗೆ ಬಿಟ್ಟು ಬಾರೇ."

ಟೆಕ್ಸಸ್‌ನಲ್ಲಿರುವ ಯಾರಾದರೂ ಇದನ್ನೇ ಹೇಳ್ತಾರೆ. ಫ್ರೀಜ್ ವಾರ್ನಿಂಗ್ ಬಂತು ಅಂದರೆ ಹೊರಗಿನ ನಲ್ಲಿಗೆ ಟೋಪಿ ಹಾಕು, ಒಳಗಿನ ನಲ್ಲಿ ತೊಟ್ಟಿಕ್ಕಲು ಬಿಡು, ಹರಿಯುವ ನೀರು ಪೈಪಿನೊಳಗೆ ಹೆಪ್ಪುಗಟ್ಟುವುದಿಲ್ಲ. ಒಂದು ವರ್ಷ ಹಿಮ ಬಿದ್ದು ದಿನಗಟ್ಟಲೆ ಕರೆಂಟ್ ಹೋದಾಗ ಪಕ್ಕದ ಮನೆಯ ಪೈಪು ಒಡೆದು ಸೀಲಿಂಗ್ ಕೆಳಗೆ ಬಿತ್ತು, ನಮ್ಮದು ಉಳಿಯಿತು. ಆಮೇಲಿಂದ ಯಾರ ಮನೆಗೆ ಹೋದರೂ ನಾನು ಹೇಳುವುದು ಒಂದೇ: ದೇವರ ದಯೆ, ಮತ್ತೆ ನಲ್ಲಿ.

ಆ ಊರಲ್ಲಿ ಬೀದಿ ಚರಂಡಿ ಇಲ್ಲ. ಬಚ್ಚಲ ನೀರು ಡ್ರೈನ್ ಪೈಪಿನಲ್ಲಿ ಹೊರಗಿನ ಟ್ಯಾಂಕಿಗೆ ಹೋಗಬೇಕು. ಒಟ್ಟಿಗೆ ಸುರಿದರೆ ಓಡಿಹೋಗುತ್ತದೆ, ಹನಿ ಹನಿ ಬಿಟ್ಟರೆ ದಾರಿಯಲ್ಲೇ ಒಂದರ ಮೇಲೊಂದು ಹೆಪ್ಪುಗಟ್ಟುತ್ತದೆ. ಪ್ಲಂಬಿಂಗ್ ಟೀಚರ್ ರಜೆಯಲ್ಲಿದ್ದ. ನನ್ನ ಮಗಳು ಆ ಅಜ್ಜಿಯ ಮೊಮ್ಮಗಳನ್ನೂ ಕೇಳದೆ, ಅಮ್ಮ ಹೇಳಿದ್ದಾಳೆ ಅಂತ ಸಂಜೆ ಹೋಗಿ ಎಲ್ಲ ನಲ್ಲಿ ಬಿಟ್ಟು ಬಂದಿದ್ದಳು. ಬೆಳಿಗ್ಗೆ ನೋಡಿದರೆ ಪೈಪಿನ ತುಂಬ ಮಂಜುಗಡ್ಡೆ.

"ಆ ಹುಡುಗಿ ಬೈದಳೇನೇ?" ಅಂದೆ.

"ಬೈಲಿಲ್ಲ. 'ಟೀಚರ್, ಇಲ್ಲಿ ಚಳಿ ನಮಗೇ ಜಾಸ್ತಿ ಗೊತ್ತು, ಮುಂದಿನ ಸಲ ಕೇಳು' ಅಂದಳು. It's worse, ಅಮ್ಮ."

ಫೋನಿಟ್ಟ ಮೇಲೆ ಕೈ ಓಡಲಿಲ್ಲ. ನಮ್ಮ ಯಜಮಾನರು ಧಾರವಾಡದವರು. ಕಾಫಿಗೆ ಬಂದವರು ನನ್ನ ಮುಖ ನೋಡಿ, "ಏನಾತ? ಯಾಕ ಹಂಗ ನಿಂತಿ?" ಅಂದರು.

ಹೇಳಿದೆ.

"ನಿನ್ನ ಬುದ್ಧಿಮಾತು ಟೆಕ್ಸಸ್ ದಾಟಿ ಹೊಂಟಿತ್ತು. ವೀಸಾ ಐತೇನು ಅಂತ ಕೇಳಬೇಕಿತ್ತ ನೋಡು," ಅಂದರು.

"ತಮಾಷೆ ಸಾಕು ರೀ. ಆ ಅಜ್ಜಿ ಬ್ಯಾಗ್ ಕಟ್ಟಿಕೊಂಡು ಕೂತಿದಾರಂತೆ."

ಅವರು ತಾವೇ ಕಾಫಿಗೆ ಹಾಲಿಟ್ಟರು. ನಾನು ಕೈ ತೊಳೆದು ದೇವರ ಮುಂದೆ ಕೂತೆ. ಏನು ಕೇಳಲಿ? ನನ್ನ ತಪ್ಪನ್ನು ನೀನು ಸರಿಮಾಡು ಅಂತ ಕೇಳಲು ನಾಚಿಕೆಯಾಯಿತು. ಆ ಹುಡುಗಿಯ ಕೈಗೆ ಬಲ ಕೊಡಪ್ಪ, ಅಷ್ಟು ಸಾಕು ಅಂದೆ.

ಮಾರನೇ ದಿನ ಮಧ್ಯಾಹ್ನ ವಿಡಿಯೋ ಕಾಲ್. ಮಗಳ ಪಕ್ಕದಲ್ಲಿ ಅಜ್ಜಿಯ ಮೊಮ್ಮಗಳು, ಮೊಣಕಾಲ ತನಕ ಒದ್ದೆ. ಅವಳೂ ಜೊತೆಯವರೂ ಸೇರಿ ಸಣ್ಣ ರಬ್ಬರ್ ಕೊಳವೆಯನ್ನು ಪೈಪಿನೊಳಗೆ ತೂರಿಸಿ, ಬಿಸಿನೀರು ಬಿಟ್ಟು ಬಿಟ್ಟು, ರಾತ್ರಿಯಿಡೀ ಕೂತು ಕರಗಿಸಿದ್ದರು. ಪೈಪು ಒಡೆದಿರಲಿಲ್ಲ. ಅದೊಂದು ದೇವರ ದಯೆ.

ನನ್ನ ಇಂಗ್ಲಿಷ್‌ನಲ್ಲಿ, "ತಪ್ಪು ನಂದಮ್ಮ. ಹಾಗೆ ಮಾಡು ಅಂದವಳು ನಾನು," ಅಂದೆ.

ಅವಳು ಕೇಳಿದಳು, "ಆಂಟಿ, ನಿಮ್ಮ ಮನೆ ಪೈಪು ಉಳೀತಾ?"

"ಉಳೀತು."

"ಹಾಗಾದ್ರೆ ಟೆಕ್ಸಸ್‌ಗೆ ಒಳ್ಳೇ ಬುದ್ಧಿ. ಇಲ್ಲಿ ನಿಮ್ಮ ಮಗಳನ್ನ ಎಲ್ಲರೂ ಟೆಕ್ಸಸ್ ಟ್ಯಾಪ್ ಅಂತಿದಾರೆ. ಕೋಪ ಮಾಡ್ಕೋಬೇಡಿ."

ನಕ್ಕುಬಿಟ್ಟೆ. ಅಳುವೂ ಬಂತು.

ಇನ್‌ಸ್ಪೆಕ್ಟರ್ ಬಂದ ದಿನ ನಾನು ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡಂತೆ ಓಡಾಡಿದೆ. ಸಾಯಂಕಾಲದ ಹೊತ್ತಿಗೆ ಮಗಳು ಫೋನ್ ಮಾಡಿದಳು. ಆತ ಎಲ್ಲ ನೋಡಿ ಮುಗಿಸಿ ಪೆನ್ನು ತೆಗೆಯುವಾಗ, ಮೊಮ್ಮಗಳೇ ಮುಂದೆ ಬಂದು, "ಈ ಡ್ರೈನ್ ಈ ವಾರ ಕಟ್ಟಿಕೊಂಡಿತ್ತು. ನಾವು ಬಿಡಿಸಿದ್ವಿ, ನೋಡಿ," ಅಂದಳಂತೆ.

"ಅಯ್ಯೋ, ಯಾಕೆ ಹೇಳಿದಳು?" ಅಂದುಬಿಟ್ಟೆ. ಬಾಯಿಗೆ ಬಂದದ್ದು ಅದೇ. ಇಷ್ಟು ವರ್ಷ ದೇವರ ಮುಂದೆ ಸ್ತೋತ್ರ ಹೇಳಿದ ಬಾಯಿ.

"ನಾನೂ ಕೇಳಿದೆ ಅಮ್ಮ. 'ಈ ಮನೇಲಿ ಇರೋದು ನಮ್ಮಜ್ಜಿ' ಅಂದಳು."

ಆತ ಮತ್ತೆ ಕೋಟು ಬಿಚ್ಚಿದ. ಎಲ್ಲ ನಲ್ಲಿ ಬಿಟ್ಟು ನೀರು ಓಡುವುದನ್ನು ಬಹಳ ಹೊತ್ತು ನೋಡಿದ. ಪೈಪಿಗೆ ಸುತ್ತಿದ್ದ ಬಿಸಿ ಮಾಡುವ ತಂತಿಗೆ ಇನ್ನೂ ಕರೆಂಟ್ ಕೊಟ್ಟಿಲ್ಲ ಅನ್ನುವುದು ಆಗ ಕಂಡಿತು. ಹಾಗೇ ಬಿಟ್ಟಿದ್ದರೆ ಅಜ್ಜಿ ಬಂದ ಮೇಲೆ, ಯಾವ ನಲ್ಲಿ ತೊಟ್ಟಿಕ್ಕದಿದ್ದರೂ ಅದು ಮತ್ತೆ ಕಟ್ಟುತ್ತಿತ್ತಂತೆ. ವೈರಿಂಗ್ ಕಲಿಯುವವರು ಅಲ್ಲೇ ಇದ್ದರು. ಆತ ನಿಂತಿದ್ದ ಹಾಗೆಯೇ ತಂತಿ ಜೋಡಿಸಿದರು. ಆತ ಸಹಿ ಹಾಕಿ ವಿಮಾನ ಹತ್ತಿದ.

"ಅಜ್ಜಿ ಮಂಗಳವಾರ ಬರ್ತಾರೆ," ಅಂದಳು ಮಗಳು.

ಹೊಸ ಮನೆ ಅಂದರೆ ಮೊದಲು ಹಾಲು ಉಕ್ಕಿಸಬೇಕು. ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ಮನೆಗೆ ಏನು ಮಾಡಬೇಕು ಅಂತ ಆ ಅಜ್ಜಿಗೆ ಗೊತ್ತು.

"ಒಳ್ಳೇದಾಗಲಿ. ಆ ಹುಡುಗಿಗೆ ನನ್ನ ನಮಸ್ಕಾರ ಹೇಳು," ಅಂದಷ್ಟೇ ಹೇಳಿ ಫೋನಿಟ್ಟೆ.

ಡ್ರೈಯರ್‌ನಲ್ಲಿ ಬಟ್ಟೆ ಆರಿ ಆಗಲೇ ತಣ್ಣಗಾಗಿ ಮುದುಡಿಕೊಂಡಿತ್ತು. ಎತ್ತಿ ತಂದು ಸೋಫಾ ಮೇಲೆ ಸುರಿದುಕೊಂಡು, ಯಜಮಾನರ ಅಂಗಿಗಳಿಂದ ಶುರುಮಾಡಿ ಮಡಿಸುತ್ತಾ ಕೂತೆ.