ಮಾವ ನಮ್ಮ ಮೊದಲ ಗ್ರಾಹಕ

ನಾನು ಸೇರಿದಾಗ ಕಂಪನಿಯಲ್ಲಿ ಇದ್ದದ್ದು ಒಂಬತ್ತು ಜನ, ಠಾಣೆ ಬಳಿಯ ಮಹಾಪೆಯ ಹಳೆಯ ಕಟ್ಟಡವೊಂದರಲ್ಲಿ ಎರಡು ಕೋಣೆ. ಗ್ರಾಹಕರ ಫೋನು ಎತ್ತುವುದು ನನ್ನ ಕೆಲಸ. ಆದರೆ ಗ್ರಾಹಕರೇ ಇರಲಿಲ್ಲ. ನಾವು ತಯಾರಿಸುತ್ತಿದ್ದದ್ದು ಹೋಟೆಲುಗಳಿಗೆ ಬೇಕಾದ ಸಾಫ್ಟ್‌ವೇರ್: ವೇಟರ್ ಮೇಜಿನ ಬಳಿ ಮೊಬೈಲಿನಲ್ಲಿ ಒತ್ತಿದ ಆರ್ಡರು ಅಡುಗೆಮನೆಯ ಪರದೆಯ ಮೇಲೆ ಮೂಡಬೇಕು. ಪರೀಕ್ಷಿಸಲು ಒಂದು ಹೋಟೆಲು ಬೇಕಿತ್ತು. ಠಾಣೆ ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುತ್ತಿದ್ದ ನನ್ನ ಸೋದರಮಾವನನ್ನು ಕೇಳಿದೆ.

"ನಿನ್ನ ಕಂಪನಿಯವರಾ? ಕಳಿಸು, ಅದಕ್ಕೆಂಥ ಕೇಳುವುದು?" ಎಂದರು.

ಒಂದು ವರ್ಷ ನಮ್ಮ ಇಂಜಿನಿಯರುಗಳು ಅವರ ಅಡುಗೆಮನೆಯಲ್ಲೇ ಬೀಡುಬಿಟ್ಟರು. ಸಾಂಬಾರಿನ ಹಬೆಗೆ ಪರದೆ ಮಸುಕಾಗುತ್ತದೆ, ಬಾಗಿಲ ಮೇಲೆ ಹಾಕಿ ಎಂದವರು ಮಾವ. ಈರುಳ್ಳಿ, ಬೆಳ್ಳುಳ್ಳಿ ಹಾಕದ ಊಟಕ್ಕೆ 'ಜೈನ್' ಎಂಬ ಬಟನ್ ಇಲ್ಲದೆ ಈ ಊರಲ್ಲಿ ಹೋಟೆಲು ನಡೆಯದು ಎಂದು ತಿಳಿಸಿಕೊಟ್ಟವರೂ ಅವರೇ.

ಆಮೇಲೆ ಕಂಪನಿ ಬೆಳೆಯಿತು. ಗಾಜಿನ ಕಟ್ಟಡದಲ್ಲಿ ಮೂರು ಮಹಡಿಗಳಾದವು. ಪ್ರತಿ ಸೋಮವಾರ ಹೊಸಬರಿಗೆ ಚಪ್ಪಾಳೆ ತಟ್ಟುವ ಕಾರ್ಯಕ್ರಮ; ತಟ್ಟುತ್ತಿದ್ದವರಲ್ಲಿ ಅರ್ಧದಷ್ಟು ಮಂದಿ ಹಿಂದಿನ ಸೋಮವಾರ ಬಂದವರು. ಮೂರು ತಿಂಗಳಿಗೊಮ್ಮೆ ನನ್ನ ಮ್ಯಾನೇಜರ್ ಬದಲಾಗುತ್ತಿದ್ದ.

ಐದನೆಯವನು ಒಂದು ದಿನ ಕರೆದು, ಒಂದೇ ಶಾಖೆಯಿರುವ ಸಣ್ಣ ಹೋಟೆಲುಗಳಿಗೆ ಕೊಡುವ ಸೇವೆಯನ್ನು 'ಸನ್‌ಸೆಟ್' ಮಾಡುತ್ತಿದ್ದೇವೆ ಎಂದ. ನಿಲ್ಲಿಸುತ್ತೇವೆ ಎನ್ನುವ ಮಾತು ನಮ್ಮಲ್ಲಿ ಚಾಲ್ತಿಯಲ್ಲಿರಲಿಲ್ಲ. ಫೋನು ಮಾಡಿ ತಿಳಿಸಬೇಕಾದವರ ಪಟ್ಟಿಯನ್ನೂ, ಅವರಿಗೆ ಓದಿ ಹೇಳಬೇಕಾದ ಮಾತುಗಳನ್ನೂ ಕೊಟ್ಟ. ಪಟ್ಟಿ ಗ್ರಾಹಕರು ಸೇರಿದ ಕ್ರಮದಲ್ಲಿತ್ತು. ಮೊದಲ ಹೆಸರು ಮಾವನದು.

ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಫೋನು ಮಾಡಿ, ಕೊಟ್ಟ ಮಾತುಗಳನ್ನು ಓದಿದೆ.

"ಯಾಕೆ, ಅದು ಹಾಳಾಗಿದೆಯಾ?" ಎಂದರು ಮಾವ.

"ಇಲ್ಲ ಮಾವ, ಸರಿಯಾಗೇ ಉಂಟು."

"ಸರಿ ಇರುವುದನ್ನು ನಿಲ್ಲಿಸುವುದಾ?"

"ಕಂಪನಿ ದೊಡ್ಡದಾಯಿತಲ್ಲ."

ಮಾವ ಕೇಳಿದರು: "ನಿನ್ನ ಕೆಲಸಕ್ಕೆಂಥ ತೊಂದರೆ ಇಲ್ಲ ತಾನೆ?"

ಇಲ್ಲವೆಂದೆ. ಕೊನೆಯ ಸಾಲನ್ನು ಓದಲೇಬೇಕಿತ್ತು: ಈ ಕರೆಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ?

"ಹತ್ತು ಬರಿ ಮಾರಾಯ್ತಿ," ಎಂದರು.

ಎರಡು ತಿಂಗಳ ನಂತರ ವಾಶಿಯ ಸಭಾಂಗಣದಲ್ಲಿ ವಾರ್ಷಿಕೋತ್ಸವ. ಮೊದಲ ಗ್ರಾಹಕನಿಗೆ ಶಾಲು ಹೊದಿಸಬೇಕೆಂದು ಮಾರ್ಕೆಟಿಂಗ್‌ನವರು ತೀರ್ಮಾನಿಸಿದ್ದರು. ಮಾವನ ಸಾಫ್ಟ್‌ವೇರನ್ನು ನಾವೇ ನಿಲ್ಲಿಸಿದ್ದೇವೆ ಎಂದು ಮ್ಯಾನೇಜರಿಗೆ ನೆನಪಿಸಿದೆ. "ಅದು ಬೇರೆ ಟೀಮಿನ ವಿಷಯ," ಎಂದ.

ಮಾವ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಠಾಣೆಯಿಂದ ಲೋಕಲ್ ರೈಲು ಹಿಡಿದು ಬಂದರು. ಡೈರೆಕ್ಟರು ತಬ್ಬಿಕೊಂಡರು, ಶಾಲು ಹೊದಿಸಿದರು, ಮೈಕು ಕೊಟ್ಟರು. ಮಾವ ತಮ್ಮ ಹಿಂದಿಯಲ್ಲಿ ಹೇಳಿದರು: ಈ ಮಕ್ಕಳು ಒಂದು ವರ್ಷ ನನ್ನ ಅಡುಗೆಮನೆಯಲ್ಲಿದ್ದರು. ಚೆನ್ನಾಗಿ ಮಾಡಿಕೊಟ್ಟರು. ಈಗ ಎರಡು ತಿಂಗಳಾಯಿತು, ನಿಂತುಹೋಗಿದೆ. ಯಾರಿಗೆ ಹೇಳಬೇಕೆಂದು ಗೊತ್ತಿದ್ದವರು ಇಲ್ಲಿದ್ದರೆ ದಯವಿಟ್ಟು ಹೇಳಿ.

ಅವರು ವ್ಯಂಗ್ಯವಾಡಲಿಲ್ಲ, ಅದು ಅವರಿಗೆ ಬರುವುದೂ ಇಲ್ಲ. ಸಭೆ ಮಾತ್ರ ತಮಾಷೆಯೆಂದುಕೊಂಡು ಬಿದ್ದು ಬಿದ್ದು ನಕ್ಕಿತು. ನಗದಿದ್ದವರು ಡೈರೆಕ್ಟರು ಮತ್ತು ನಾನು.

"ಅಂಕಲ್, ಕಲ್ ಸೇ ಚಾಲೂ," ಎಂದರು ಡೈರೆಕ್ಟರು.

ಹೇಳಿದಂತೆ ಮರುದಿನವೇ ಶುರುವೂ ಆಯಿತು. ನಿಯಮ ಮುರಿಯಬಾರದೆಂದು 'ಹೆರಿಟೇಜ್ ಗ್ರಾಹಕ' ಎಂಬ ಹೊಸ ವರ್ಗವನ್ನೇ ಸೃಷ್ಟಿಸಿ, ಅದರ ಪಟ್ಟಿಯನ್ನು ನನಗೆ ವಹಿಸಿದರು. ಪಟ್ಟಿಯಲ್ಲಿ ಒಂದೇ ಹೆಸರು. ಸಂತೋಷದಿಂದ ಮಾವನಿಗೆ ಫೋನು ಮಾಡಿದೆ.

"ಕಲ್ಯಾಣದಲ್ಲಿ ಖಾನಾವಳಿ ಇಟ್ಟ ವಿಜಯಪುರದವನದ್ದೂ ಶುರುವಾಯಿತಾ?" ಎಂದು ಕೇಳಿದರು. "ನಾನು ಹೇಳಿದ್ದಕ್ಕೇ ಅವನು ತಗೊಂಡದ್ದು."

ಮರುದಿನ ಯಾರನ್ನೂ ಕೇಳದೆ ಕಲ್ಯಾಣದವರ ಹೆಸರನ್ನೂ ಸೇರಿಸಿದೆ. ವಾರ ಕಳೆದರೂ ಯಾರೂ ಏನೂ ಕೇಳಲಿಲ್ಲ. ಆಮೇಲೆ ಡೊಂಬಿವಲಿಯ ಒಬ್ಬರು, ಬದಲಾಪುರದ ಇಬ್ಬರು. ಅಷ್ಟು ಅವಸರದಲ್ಲಿ ಬೆಳೆಯುವ ಕಂಪನಿಯಲ್ಲಿ ಹಳೆಯದನ್ನು ತಿರುಗಿ ನೋಡಲು ಯಾರಿಗೆ ಪುರುಸೊತ್ತು?

ಅರ್ಧವಾರ್ಷಿಕ ಸಭೆಯಲ್ಲಿ ಏಳನೆಯ ಮ್ಯಾನೇಜರ್ ಪರದೆಯ ಮೇಲೆ ಒಂದು ಗೆರೆ ತೋರಿಸಿದ, ನೆಟ್ಟಗೆ ಮೇಲಕ್ಕೆ ಹೋಗುವಂಥದ್ದು. ಕಂಪನಿಯಲ್ಲಿ ಎಲ್ಲಕ್ಕಿಂತ ವೇಗವಾಗಿ ಬೆಳೆಯುತ್ತಿರುವುದು ಹೆರಿಟೇಜ್ ವರ್ಗವಂತೆ. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ.