ಮಗಳ ಕಾಲಿನ ಮೊದಲ ಪ್ಲಾಸ್ಟರ್

1984ರಲ್ಲಿ ನಾನು ದಾವಣಗೆರೆಯ ಒಂದು ದಿನಪತ್ರಿಕೆಗೆ ಜಗಳೂರಿನಿಂದ ವರದಿ ಕಳಿಸುತ್ತಿದ್ದೆ. ಆ ವರ್ಷ ಹುಟ್ಟಿದ ನನ್ನ ಮಗಳ ಬಲಪಾದ ಒಳಕ್ಕೆ ತಿರುಗಿತ್ತು. ಮೂರನೇ ವಾರದಲ್ಲಿ ಅವಳನ್ನು ದಾವಣಗೆರೆಯ ಮೂಳೆ ವೈದ್ಯರ ಬಳಿಗೆ ಕರೆದೊಯ್ದೆವು. ಮಗುವಿನ ಅಳು ತಾಳಲಾರದೆ ಹೆಂಡತಿ ಹೊರಗೆ ಕುಳಿತಳು. ಕಾಲು ಹಿಡಿದುಕೊಂಡವರು ಅತ್ತೆ.

ವೈದ್ಯರು ಪ್ಲಾಸ್ಟರ್ ಸುತ್ತುತ್ತಲೇ ವಿವರಿಸಿದರು. "ಮಾಂಸಖಂಡವನ್ನ ಮೂಳೆಗೆ ಕಟ್ಟೋ ಹಗ್ಗ ಇದು, ಸ್ನಾಯುರಜ್ಜು. ಒಳಗೆ ಕೊಲಾಜನ್ ಅನ್ನೋ ಪ್ರೋಟೀನಿನ ಎಳೆಗಳಿವೆ. ಎಳೆ ಯಾವಾಗ ನೂಲಬೇಕು, ಎಷ್ಟು ನೂಲಬೇಕು ಅಂತ ಜೀವಕೋಶದ ಜೀನ್‌ಗಳೇ ಹೇಳ್ತವೆ. ಎಳೆ ದಪ್ಪ ಆಗೋದರೊಳಗೆ ವಾರವಾರ ಸ್ವಲ್ಪ ಎಳೆದು ಕಟ್ಟಿದರೆ ಪಾದ ನೆಟ್ಟಗಾಗ್ತದೆ. ತಡ ಆದ್ರೆ ಕೊಯ್ಯಬೇಕು."

ಒಳ್ಳೆಯ ಲೇಖನವಾದೀತೆಂದು ನಾನು ತಲೆ ಎತ್ತದೆ ಬರೆದುಕೊಂಡೆ. ಏಳು ದಿನ ಬಿಚ್ಚಬಾರದು, ನೀರು ತಾಗಬಾರದು ಎಂಬುದನ್ನೂ ಬರೆದುಕೊಂಡೆ.

ಮನೆಗೆ ಬಂದೊಡನೆ ಅತ್ತೆ ರೂಢಿಯಂತೆ ಮಗುವನ್ನು ತಲೆಯಿಂದ ಪಾದದವರೆಗೆ ಹಳೇ ಸೀರೆಯಲ್ಲಿ ಬಿಗಿಯಾಗಿ ಸುತ್ತಿದರು. ಮರುದಿನ ಬೆಳಿಗ್ಗೆ ಬಾಣಂತಿಗೆ, ಮಗುವಿಗೆ ನೀರು ಹಾಕುವ ಫಾತಿಮಾಬಿ ಬಂದಳು.

"ಮಗೀಗೆ ನೀರು ಹಾಕಬ್ಯಾಡ ಅಂದ್ರೆ ನಾನ್ಯಾಕೆ ಬರ್ಲಿ? ಮಕ ನೋಡಾಕಾದ್ರೂ ಬಿಡ್ತೀರೋ ಇಲ್ಲೋ?" ಎಂದು ಗೊಣಗುತ್ತ ಸುತ್ತಿದ ಬಟ್ಟೆ ಬಿಡಿಸಿದಳು. ಒಮ್ಮೆಲೇ ಅವಳ ದನಿ ಬದಲಾಯಿತು.

"ಪೇಪರ್ನೋರೇ, ಬರ್ರಿ ಇಲ್ಲಿ. ಬೆರಳು ನೇರಳೆಹಣ್ಣು ಆಗ್ಯಾವೆ."

ಮುಟ್ಟಿದೆ. ಎಡಗಾಲು ಬೆಚ್ಚಗಿತ್ತು. ಬಲಗಾಲಿನ ಬೆರಳುಗಳು ತಣ್ಣಗಿದ್ದವು. ಮಗು ಅಳುತ್ತಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ಭಯವಾಯಿತು. ವೈದ್ಯರ ಮಾತು ಬರೆದುಕೊಂಡಿದ್ದ ಪುಸ್ತಕ ತೆಗೆದು ನೋಡಿದೆ. ಕೊಲಾಜನ್ ಬಗ್ಗೆ ನಾಲ್ಕು ಪುಟ, ಬೆರಳಿನ ಬಗ್ಗೆ ಒಂದು ಸಾಲೂ ಇಲ್ಲ. ಬಿಚ್ಚಿದರೆ ಪಾದ ಮತ್ತೆ ತಿರುಗೀತು. ಬಿಚ್ಚದಿದ್ದರೆ? ಮುಂದಿನ ಬಸ್ಸಿಗೆ ಎರಡು ಗಂಟೆಯಿತ್ತು. ಅಂಚೆ ಕಚೇರಿಗೆ ಓಡಿ ವೈದ್ಯರಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಅರ್ಧ ಗಂಟೆಯಾದರೂ ಲೈನ್ ಸಿಗಲಿಲ್ಲ.

ಮರಳಿ ಬಂದಾಗ ಅತ್ತೆ ತಲೆ ತಗ್ಗಿಸಿ ನಿಂತಿದ್ದರು.

"ಈಗ ನೆಪ್ಪಾತು ಅಳಿಯಂದ್ರೇ, ಡಾಕ್ಟ್ರು ಹೇಳಿದ್ರು. ಬೆರಳು ಕಪ್ಪಾದ್ರೆ ಬಿಸಿನೀರಾಗೆ ನೆನೆಸಿ ತಕ್ಷಣ ಬಿಚ್ರಿ ಅಂತ. ನೀವು ಎಲ್ಲಾ ಬರಕಂತಿದ್ರಲ್ಲ, ನೀವೇ ನೋಡ್ಕಂತೀರಿ ಅಂತ ನಾನು ಬಿಟ್ಟುಬಿಟ್ಟೆ."

"ನೀರು ತಾಗಬಾರ್ದು ಅಂದೋರೇ ಹೋಗಿ ನೀರು ತರ್ರಿ ಈಗ," ಎಂದಳು ಫಾತಿಮಾಬಿ.

ಬೋಗುಣಿಯ ಬಿಸಿನೀರಿನಲ್ಲಿ ಮಗುವಿನ ಕಾಲನ್ನಿಟ್ಟು ಅವಳು ಒಂದೊಂದೇ ಸುತ್ತು ಬಿಚ್ಚತೊಡಗಿದಳು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯ ಸುತ್ತು ಬಿಟ್ಟ ಮೇಲೆ ಅವಳು ಹೆಬ್ಬೆರಳನ್ನು ಒತ್ತಿ ಬಿಟ್ಟಳು. ಬೆಳ್ಳಗಾಯಿತು, ನಿಧಾನವಾಗಿ ಕೆಂಪಾಯಿತು. ಮಗು ಕಿರುಚಿ ಅತ್ತಿತು.

"ಅಳ್ಲಿ ಬಿಡ್ರಿ, ಬೆರಳಿಗೆ ಜೀವ ಬಂತು," ಎಂದು ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಅಂದೇ ಬಸ್ಸಿನಲ್ಲಿ ಮತ್ತೆ ದಾವಣಗೆರೆಗೆ ಹೋದೆವು. "ಬಿಚ್ಚಿದ್ದೇ ಒಳ್ಳೆಯದಾಯ್ತು," ಎಂದ ವೈದ್ಯರು ಹೊಸ ಪ್ಲಾಸ್ಟರ್ ಹಾಕಿದರು. ಆ ಬಳಿಕ ಪ್ರತಿ ಬಾರಿಯೂ ಬೆರಳು ಹೊರಗೆ ಕಾಣುವಂತೆಯೇ ಬಟ್ಟೆ ಸುತ್ತಿದೆವು. ಮೂರು ತಿಂಗಳಲ್ಲಿ ಪಾದ ನೆಟ್ಟಗಾಯಿತು.

ಆಮೇಲೆ ಆ ಲೇಖನ ಬರೆದೆ. ಜಾಗ ಸಾಲದಿದ್ದರೆ ವರದಿಯನ್ನು ಕೊನೆಯಿಂದ ಕತ್ತರಿಸುವುದು ಪತ್ರಿಕೆಗಳ ರೂಢಿ. ಅದಕ್ಕಾಗಿ ಬೆರಳು ನೋಡುತ್ತಿರಬೇಕೆಂಬ ಮಾತನ್ನು ಮೊದಲ ಸಾಲಿನಲ್ಲೇ ಇಟ್ಟೆ. ಕೊಲಾಜನ್ ಕೊನೆಯ ಪ್ಯಾರಾಕ್ಕೆ ಹೋಯಿತು, ಅಚ್ಚಾಗುವಾಗ ಕತ್ತರಿಗೂ ಸಿಕ್ಕಿತು. ನನ್ನ ವರದಿಯ ಒಂದು ಪದ ಹೋದರೂ ಜಗಳವಾಡುತ್ತಿದ್ದ ನಾನು ಅಂದು ಸುಮ್ಮನಿದ್ದೆ.